ಲ್ಯಾಂಬೊರ್ಗಿನಿ ಮಿಯುರಾ: ಟ್ರ್ಯಾಕ್ಟರ್ ಮಾಡುತ್ತಿದ್ದವನು ಇಂಥ ಕಾರು ಹೇಗೆ ಮಾಡಿದ?

ಕುವೆಂಪುನಗರದ ಅಪ್ಪ:

ಎಲ್ಲರಿಗೂ ನಮಸ್ಕಾರ. ಕಾರಿನ ವಿಷಯ ನನಗೆ ಅಷ್ಟಾಗಿ ಗೊತ್ತಿಲ್ಲ. ಅಪ್ಪನ ಪದ್ಮಿನಿಯಲ್ಲಿ ಡ್ರೈವಿಂಗ್ ಕಲಿತೆ, ಈಗ ಮನೆಯಲ್ಲಿ ಒಂದು ಸಣ್ಣ ಕಾರಿದೆ, ಅಷ್ಟೇ. ಹೋದ ತಿಂಗಳು ಮಗನನ್ನು ಶ್ರೀರಂಗಪಟ್ಟಣದ ಹತ್ತಿರ ಇರುವ ಪಯಣ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಂದ ಬಂದ ಮೇಲೆ ಹುಡುಗನಿಗೆ ಹಳೇ ಕಾರಿನ ಹುಚ್ಚು ಹಿಡಿದುಬಿಟ್ಟಿದೆ. ಅವನ ಸೋದರಮಾವ ಹುಟ್ಟುಹಬ್ಬಕ್ಕೆ ಒಂದು ಮಾಡೆಲ್ ಕಾರು ತಂದುಕೊಟ್ಟ. ಕಿತ್ತಳೆ ಬಣ್ಣ, ಒಳ್ಳೇ ಭಾರ. ತಳದಲ್ಲಿ ಲ್ಯಾಂಬೊರ್ಗಿನಿ ಮಿಯುರಾ ಅಂತ ಬರೆದಿದೆ. ನಾನು ಕನ್ನಡಕ ಇಲ್ಲದೆ ಮಯೂರ ಅಂತ ಓದಿ, ಇದೇನಪ್ಪ ಕೆಎಸ್‌ಟಿಡಿಸಿ ಹೋಟೆಲ್ ಹೆಸರು ಕಾರಿಗೆ ಇಟ್ಟಿದ್ದಾರೆ ಅಂದುಕೊಂಡೆ.

ಈಗ ಹುಡುಗನ ಪ್ರಶ್ನೆಗಳು ಶುರುವಾಗಿವೆ. ಲ್ಯಾಂಬೊರ್ಗಿನಿ ಮೊದಲು ಟ್ರ್ಯಾಕ್ಟರ್ ಮಾಡುತ್ತಿದ್ದನಂತೆ, ಫೆರಾರಿಯವನು ಬೈದನಂತೆ, ಸಿಟ್ಟಿಗೆ ಕಾರು ಮಾಡಿದನಂತೆ. ಇದು ನಿಜವಾ ಇಲ್ಲಾ ಕಟ್ಟುಕತೆಯಾ? 1966ರಲ್ಲಿ ಬಂದು 1973ಕ್ಕೆ ನಿಂತುಹೋದ ಕಾರು, ಒಟ್ಟು ಮಾಡಿದ್ದೇ 760ರ ಆಸುಪಾಸು. ಅದಕ್ಕೆ ಇಷ್ಟು ವರ್ಷ ಆದ ಮೇಲೂ ಜನ ಯಾಕೆ ಹೀಗೆ ಸಾಯ್ತಾರೆ? ನೋಡಕ್ಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ನೋಡಕ್ಕೆ ಚೆನ್ನಾಗಿರೋದು ಬೇಕಾದಷ್ಟಿದೆ ಅಲ್ವಾ?

ಇನ್ನೊಂದು. ಮಾಡೆಲ್‌ನ ಹಿಂಭಾಗ ಪೂರ್ತಿ ಮೇಲಕ್ಕೆ ಏಳುತ್ತೆ. ಮೂರನೇ ದಿನಕ್ಕೇ ಅದು ಸರಿಯಾಗಿ ಕೂರುತ್ತಿಲ್ಲ, ಒಂದು ಕಡೆ ಬಾಯಿ ಬಿಟ್ಟುಕೊಂಡಿದೆ. ರಿಪೇರಿ ಗೊತ್ತಿದ್ದರೆ ಅದನ್ನೂ ಹೇಳಿ.

ಕಬ್ಬಿನ ಲೋಡು:

ಟ್ರ್ಯಾಕ್ಟರ್ ಅಂದ ಮೇಲೆ ಮಂಡ್ಯದವನು ಸುಮ್ಮನಿರೋಕಾಗುತ್ತಾ.

ಫೆರುಚ್ಚಿಯೊ ಲ್ಯಾಂಬೊರ್ಗಿನಿ ಹುಟ್ಟಿದ್ದು 1916ರಲ್ಲಿ, ಉತ್ತರ ಇಟಲಿಯ ಒಂದು ಹಳ್ಳಿಯಲ್ಲಿ, ದ್ರಾಕ್ಷಿ ಬೆಳೆಯುವ ರೈತರ ಮನೆಯಲ್ಲಿ. ಹುಡುಗನಿಗೆ ಗದ್ದೆ ಕೆಲಸಕ್ಕಿಂತ ಕೊಟ್ಟಿಗೆಯಲ್ಲಿ ನಿಂತ ಯಂತ್ರದ ಮೇಲೇ ಕಣ್ಣು. ಎರಡನೇ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನೆಯ ಗಾಡಿಗಳನ್ನು ರಿಪೇರಿ ಮಾಡುತ್ತಿದ್ದ. ಅಲ್ಲಿ ಬಿಡಿಭಾಗ ಎಲ್ಲಿ ಸಿಗಬೇಕು? ಇದ್ದುದರಲ್ಲೇ ಜೋಡಿಸಿ ಓಡಿಸಬೇಕು. ಆ ಕೈಚಳಕ ಊರಿಗೆ ಬಂದ ಮೇಲೆ ಉಪಯೋಗಕ್ಕೆ ಬಂತು. ಯುದ್ಧ ಮುಗಿದಾಗ ಸೇನೆಯ ಹಳೇ ಗಾಡಿಗಳು ರಾಶಿ ಬಿದ್ದಿದ್ದವು. ಅವುಗಳ ಎಂಜಿನ್, ಗೇರ್ ಎಲ್ಲ ತಂದು ಟ್ರ್ಯಾಕ್ಟರ್ ಕಟ್ಟಿದ. ಪೆಟ್ರೋಲ್ ದುಬಾರಿ, ಡೀಸೆಲ್ ಅಗ್ಗ. ಅದಕ್ಕೆ ಇವನೊಂದು ಉಪಾಯ ಮಾಡಿದ. ಟ್ರ್ಯಾಕ್ಟರ್ ಸ್ಟಾರ್ಟ್ ಆಗೋದು ಪೆಟ್ರೋಲ್‌ನಲ್ಲಿ, ಬಿಸಿ ಆದ ಮೇಲೆ ಡೀಸೆಲ್‌ಗೆ ತಿರುಗಿಸೋದು. ರೈತನ ಮಗನಿಗೆ ಮಾತ್ರ ಹೊಳೆಯುವ ವಿಚಾರ ಇದು. 1948ಕ್ಕೆ ಟ್ರ್ಯಾಕ್ಟರ್ ಕಂಪನಿ ಶುರು, ಆಮೇಲೆ ಮನೆ ಬಿಸಿ ಮಾಡುವ ಬರ್ನರ್‌ಗಳು. ದುಡ್ಡು ಬಂತು. ದುಡ್ಡು ಬಂದ ಮೇಲೆ ಫೆರಾರಿ ತಗೊಂಡ.

ಜಗಳದ ಕತೆಗೆ ಬರೋಣ. ಫೆರಾರಿಯ ಕ್ಲಚ್ ಪದೇ ಪದೇ ಕೈಕೊಡುತ್ತಿತ್ತು, ಹೋಗಿ ಆ ಕಂಪನಿಯ ಯಜಮಾನ ಎಂಜೊ ಫೆರಾರಿಗೇ ಹೇಳಿದ, ‘ಟ್ರ್ಯಾಕ್ಟರ್ ಓಡಿಸೋನಿಗೆ ಕಾರಿನ ವಿಷಯ ಏನು ಗೊತ್ತು’ ಅನ್ನುವ ಧಾಟಿಯಲ್ಲಿ ಉತ್ತರ ಬಂತು. ಇದು ಫೆರುಚ್ಚಿಯೊ ತಾನೇ ಆಮೇಲೆ ಹೇಳಿಕೊಂಡ ಕತೆ. ಒಬ್ಬನ ಕಡೆ ಮಾತು ಕೇಳಿ ಪಂಚಾಯ್ತಿ ಮಾಡೋಕಾಗಲ್ಲ. ಜಗಳ ಆಗಿದ್ದಿರಬಹುದು. ಆದರೆ ಬರೀ ಸಿಟ್ಟಿನಿಂದ ಯಾರೂ ಫ್ಯಾಕ್ಟರಿ ಕಟ್ಟಲ್ಲ ಸ್ವಾಮಿ. ಇಂಥ ಕಾರಿಗೆ ಎಷ್ಟು ದುಡ್ಡು ಕೊಡುವ ಜನ ಇದ್ದಾರೆ ಅಂತ ಅವನಿಗೆ ಗೊತ್ತಿತ್ತು, ಕೊಡುವವರಲ್ಲಿ ಅವನೂ ಒಬ್ಬನಾಗಿದ್ದನಲ್ಲ. 1963ರಲ್ಲಿ ಸಾಂತಾಗಾತಾ ಬೊಲೊನ್ಯೇಸೆ ಅನ್ನುವ ಊರಿನಲ್ಲಿ ಕಾರಿನ ಕಂಪನಿ ತೆಗೆದ. ಎಂಜಿನ್ ಮಾಡೋಕೆ ಕರೆತಂದದ್ದು ಯಾರನ್ನ? ಜೊಟ್ಟೊ ಬಿಜ್ಜಾರಿನಿಯನ್ನ, ಅಂದರೆ ಫೆರಾರಿಯಲ್ಲೇ ಕೆಲಸ ಮಾಡಿ ಹೊರಗೆ ಬಂದಿದ್ದ ಎಂಜಿನಿಯರ್‌ನ. ಇದು ಸಿಟ್ಟಲ್ಲ, ಲೆಕ್ಕಾಚಾರ.

ಹೆಸರಿನ ವಿಷಯ ನಿಮ್ಮ ಮಗನಿಗೆ ಖಂಡಿತ ಹೇಳಿ. ಮಿಯುರಾ ಅಂದರೆ ಸ್ಪೇನಿನ ಸೆವಿಲ್ ಕಡೆ ಹೋರಿ ಸಾಕುವ ಮನೆತನ. 1842ರಿಂದ ಅದೇ ಕಸುಬು. ಅವರ ಹೋರಿ ಅಖಾಡಕ್ಕೆ ಬಂತು ಅಂದರೆ ಗೂಳಿ ಕಾಳಗದವರಿಗೇ ನಡುಕ. ಮನೊಲೆಟೆ ಅನ್ನುವ ದೊಡ್ಡ ಆಟಗಾರ 1947ರಲ್ಲಿ ಸತ್ತದ್ದು ಅವರ ಒಂದು ಹೋರಿಯ ಕೊಂಬಿಗೆ ಸಿಕ್ಕೇ. ಆ ಹೋರಿ ಹೆಸರು ಇಸ್ಲೆರೊ. ಆ ಹೆಸರಲ್ಲೂ ಲ್ಯಾಂಬೊರ್ಗಿನಿ 1968ರಲ್ಲಿ ಒಂದು ಕಾರು ಮಾಡಿದ. ನಮ್ಮಲ್ಲಿ ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ನಿಂತಿದ್ದರೆ ಮೊದಲು ಹಲ್ಲು ನೋಡಲ್ಲ, ಯಾರ ಮನೆ ಹೋರಿ ಅಂತ ಕೇಳ್ತಾರೆ. ನಮ್ಮ ತಾತ ಅಂತೂ ಮನೆ ಹೆಸರು ಕೇಳಿಯೇ ರೇಟು ಶುರು ಮಾಡುತ್ತಿದ್ದರು. ಕಾರಿಗೆ ಹೋರಿಯ ಹೆಸರು ಅಲ್ಲ, ಹೋರಿ ಸಾಕಿದ ಮನೆಯ ಹೆಸರು ಇಟ್ಟಿದ್ದಾನೆ. ಇದು ನನಗೆ ಬಹಳ ಹಿಡಿಸಿದ ಸಂಗತಿ.

ಯಾದವಗಿರಿ ಟೂ ಸ್ಟ್ರೋಕ್:

ಲೋಡು ಅಣ್ಣ ಕಂಪನಿ ಕತೆ ಹೇಳಿದ್ರು, ನಾನು ಕಾರಿನ ಹೊಟ್ಟೆ ಬಗ್ಗೆ ಹೇಳ್ತೀನಿ. ನಮ್ಮಪ್ಪ ಇಲ್ಲಿ ಜಾವಾ ಫ್ಯಾಕ್ಟರಿಯಲ್ಲಿ ಇದ್ದರು, 1996ರಲ್ಲಿ ಬಾಗಿಲು ಹಾಕುವವರೆಗೂ. ನಾನು ಈಗಲೂ ಹಳೇ ಜಾವಾ, ಯೆಜ್ಡಿ ಬಿಚ್ಚಿ ಜೋಡಿಸೋನು.

ಹನ್ನೆರಡು ಸಿಲಿಂಡರ್ ಎಂಜಿನ್. ಆರು ಈ ಕಡೆ, ಆರು ಆ ಕಡೆ. 3929 ಸಿಸಿ. ಬಹಳ ಉದ್ದ ಬರುತ್ತೆ. ಅಂದಿನ ರಸ್ತೆ ಕಾರುಗಳಲ್ಲಿ ಇಂಥದ್ದನ್ನು ಮುಂದೆ ಬಾನೆಟ್ ಕೆಳಗೆ ಉದ್ದಕ್ಕೆ ಮಲಗಿಸುತ್ತಿದ್ದರು. ರೇಸ್ ಕಾರಿನವರು ಆಗಲೇ ಎಂಜಿನ್ನನ್ನು ಡ್ರೈವರ್ ಬೆನ್ನ ಹಿಂದಕ್ಕೆ ತಂದಿದ್ದರು, ಭಾರ ನಡುವೆ ಇದ್ದರೆ ತಿರುವಿನಲ್ಲಿ ಗಾಡಿ ಚುರುಕಾಗುತ್ತೆ ಅಂತ. ಆದರೆ ರಸ್ತೆ ಕಾರಿನಲ್ಲಿ ಸೀಟಿನ ಹಿಂದೆ ಇಷ್ಟು ಉದ್ದದ ಎಂಜಿನ್, ಅದರ ಹಿಂದೆ ಗೇರ್‌ಬಾಕ್ಸ್ ಇಟ್ಟರೆ ಕಾರು ರೈಲು ಬೋಗಿ ಆಗುತ್ತೆ. ಆಗ ಲ್ಯಾಂಬೊರ್ಗಿನಿಯ ಎಂಜಿನಿಯರ್ ಜಾನ್ ಪಾವೊಲೊ ದಲ್ಲಾರಾ ಕಣ್ಣು ಹಾಯಿಸಿದ್ದು ಎಲ್ಲಿಗೆ ಗೊತ್ತಾ? ಬ್ರಿಟಿಷರ ಮಿನಿ ಕಾರಿಗೆ! 1959ರಲ್ಲಿ ಬಂದ ಆ ಪುಟ್ಟ ಕಾರಿನಲ್ಲಿ ಎಂಜಿನ್ ಅಡ್ಡಡ್ಡ ಇದೆ, ಅದರ ಕೆಳಗೇ ಗೇರ್‌ಬಾಕ್ಸ್, ಎರಡಕ್ಕೂ ಒಂದೇ ಆಯಿಲ್. ಅದೇ ವಿಚಾರ ತಗೊಂಡು ಈ ದೈತ್ಯ ಎಂಜಿನ್ನನ್ನು ಸೀಟಿನ ಹಿಂದೆ ಅಡ್ಡ ಕೂರಿಸಿ, ಗೇರ್‌ಬಾಕ್ಸ್ ಅದರ ಜೊತೆಗೇ ಒಂದೇ ಎರಕದಲ್ಲಿ ಸೇರಿಸಿಬಿಟ್ಟರು. ಜಾವಾ ಓಡಿಸಿದವರಿಗೆ ಇದರ ಖುಷಿ ಗೊತ್ತಾಗುತ್ತೆ. ನಮ್ಮ ಜಾವಾದಲ್ಲಿ ಕಿಕ್ ಹೊಡೆಯುವ ಲಿವರನ್ನೇ ತಿರುಗಿಸಿದರೆ ಗೇರ್ ಲಿವರ್. ಒಂದೇ ಸಾಮಾನು, ಎರಡು ಕೆಲಸ.

ಆದರೆ ತಾಪತ್ರಯ ಇಲ್ಲೇ ಇದೆ. ಗೇರ್ ಹಲ್ಲು ಸವೆದಾಗ ಬರುವ ಲೋಹದ ಪುಡಿ ಆಯಿಲ್‌ಗೆ ಬೀಳುತ್ತೆ, ಅದೇ ಆಯಿಲ್ ಎಂಜಿನ್ ಬೇರಿಂಗ್‌ಗೂ ಹೋಗುತ್ತೆ. ಪಾತ್ರೆ ತೊಳೆದ ನೀರಲ್ಲಿ ಅಕ್ಕಿ ತೊಳೆದ ಹಾಗೆ. ಎಸ್‌ವಿ ಅಂದರೆ ಮಿಯುರಾದ ಕೊನೆಯ ಮಾದರಿ, ಅದರಲ್ಲೂ ಕೊನೆಕೊನೆಗೆ ಬಂದ ಕೆಲವು ಕಾರುಗಳಲ್ಲಿ ಮಾತ್ರ ಆಯಿಲ್ ಬೇರೆ ಬೇರೆ ಮಾಡಿದರು. ಇನ್ನು ಪೆಟ್ರೋಲ್ ಟ್ಯಾಂಕ್ ಮುಂದೆ ಇದೆ. ಖಾಲಿ ಆಗ್ತಾ ಆಗ್ತಾ ಮೂತಿ ಹಗುರ, ಜೋರಾಗಿ ಹೋದರೆ ಗಾಳಿ ಮೂತಿಯನ್ನು ಎತ್ತುತ್ತೆ, ಸ್ಟಿಯರಿಂಗ್ ಕೈಯಲ್ಲಿ ಬೆಣ್ಣೆ. ಈ ಕಾರು ಗಂಟೆಗೆ 270 ಕಿ.ಮೀ. ದಾಟುತ್ತಿತ್ತು ಅನ್ನೋದು ನೆನಪಿರಲಿ. ಪೆಟ್ರೋಲ್‌ಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್‌ಗಳು ವೆಬರ್ ಕಂಪನಿಯವು, ರೇಸ್ ಜಾತಿಯವು. ಓಡುತ್ತಾ ಇರೋಕೆ ಮಾಡಿದ್ದು, ಸಿಗ್ನಲ್‌ನಲ್ಲಿ ನಿಲ್ಲೋಕಲ್ಲ. ನಿಂತಾಗ ಪೆಟ್ರೋಲ್ ತುಳುಕಿ ಮೇಲೆ ಕೂರುತ್ತೆ, ಆಮೇಲೆ ಗಪ್ಪನೆ ಆಕ್ಸಿಲರೇಟರ್ ತುಳಿದಾಗ ಒಂದು ಬ್ಯಾಕ್‌ಫೈರ್ ಆಗಿ ಎಂಜಿನ್‌ನಿಂದ ಕಿಡಿ ವಾಪಸ್ ಹಾರಿದ್ರೆ ಸಾಕು, ಬೆಂಕಿ. ಎಷ್ಟೋ ಮಿಯುರಾಗಳು ಹೀಗೆ ಸುಟ್ಟುಹೋಗಿವೆ. ಕೆ.ಆರ್. ಸರ್ಕಲ್‌ನಲ್ಲಿ ಸಂಜೆ ಆರಕ್ಕೆ ಇದನ್ನು ನಿಲ್ಲಿಸೋ ಧೈರ್ಯ ನನಗಂತೂ ಇಲ್ಲ.

ಇಷ್ಟೆಲ್ಲ ಬೈದರೂ ನನಗೆ ಈ ಕಾರು ಇಷ್ಟ. ಯಾಕೆ ಅಂದ್ರೆ ಮಾಡಿದವರ ವಯಸ್ಸು ನೋಡಿ. ದಲ್ಲಾರಾ ಮತ್ತು ಅವರ ಜೊತೆಯ ಎಂಜಿನಿಯರ್ ಪಾವೊಲೊ ಸ್ತಾನ್ಸಾನಿ ಇಬ್ಬರಿಗೂ ಆಗ 29. ಟೆಸ್ಟ್ ಡ್ರೈವರ್ ಬಾಬ್ ವಾಲೇಸ್, ನ್ಯೂಜಿಲೆಂಡಿನವನು, ಇನ್ನೂ ಚಿಕ್ಕವನು. ಯಜಮಾನನಿಗೆ ಬೇಕಾಗಿದ್ದು ಆರಾಮಾಗಿ ದೂರ ಹೋಗುವ ದೊಡ್ಡ ಕಾರು, ರೇಸಿನ ಗೊಡವೆ ಬೇಡ ಅನ್ನೋನು. ಇವರು ಕೆಲಸದ ಹೊತ್ತು ಮುಗಿದ ಮೇಲೆ ಕೂತು ಇದನ್ನು ಗೀಚಿದರು. ಯಜಮಾನ ಕೊನೆಗೆ ಒಪ್ಪಿದ, ಜಾಸ್ತಿ ಮಾರಾಟ ಆಗಲ್ಲ, ಕಂಪನಿಗೆ ಪ್ರಚಾರ ಆಗುತ್ತೆ ಅನ್ನುವ ಅಂದಾಜಲ್ಲಿ.

ಸುಮ್ನೆ ಓದೋನು:

ನೀವೇ ಹೇಳ್ತಿದೀರ, ಮೂತಿ ಏಳುತ್ತೆ, ಆಯಿಲ್ ಗಲೀಜು, ಸಿಗ್ನಲ್‌ನಲ್ಲಿ ಬೆಂಕಿ. ಆಮೇಲೆ ಇಷ್ಟ ಅಂತೀರ. ಇದೇ ನಮ್ಮೂರ ಗಾಡಿ ಆಗಿದ್ದರೆ ಡಬ್ಬಾ ಅಂತಿದ್ರಿ. ಇಟಲಿಯದ್ದು ಅಂದ ಕೂಡಲೇ ಕಲೆ ಆಗಿಬಿಡುತ್ತೆ!

ನನಗೆ ಇಟಲಿ ಕಾರು ಅಂದ್ರೆ ಒಂದೇ, ಫಿಯೆಟ್. ನಮ್ಮ ಮನೆಯಲ್ಲಿ ಇದ್ದದ್ದು ಪದ್ಮಿನಿ. 1089 ಸಿಸಿ, ಸ್ಟಿಯರಿಂಗ್ ಪಕ್ಕದಲ್ಲಿ ಗೇರ್. ಮದುವೆಗೆ ಎಂಟು ಜನ, ಹಿಂದೆ ಎರಡು ಬಾಳೆಗೊನೆ. ಒಂದು ಸಲ ಮಸಿನಗುಡಿಯಿಂದ ಕಲ್ಲಟ್ಟಿ ಘಾಟ್ ಹತ್ತುವಾಗ ರೇಡಿಯೇಟರ್ ಕುದಿದು ಹೊಗೆ ಬಂತು. ಹೊರಡುವ ಹಿಂದಿನ ದಿನವೇ ಒಂದು ಗ್ಯಾರೇಜಿನವರು ಎಲ್ಲ ನೋಡಿದೀವಿ ಅಂತ ದುಡ್ಡು ಇಸ್ಕೊಂಡಿದ್ದರು, ನೋಡಿದ್ರೆ ಹೋಸ್ ಪೈಪಿಗೆ ಕ್ಲಿಪ್ಪೇ ಬಿಗಿ ಮಾಡಿರಲಿಲ್ಲ. ಅಮ್ಮ ಸೀರೆ ಅಂಚು ಹರಿದು ಕೊಟ್ಟರು, ಅಪ್ಪ ಕಟ್ಟಿದರು, ಕುಡಿಯೋಕೆ ಇಟ್ಟಿದ್ದ ನೀರು ಹುಯ್ದರು, ಊಟಿ ತಲುಪಿದೆವು. ನಿಮ್ಮ ಮಿಯುರಾ ಅಮ್ಮನ ಸೀರೆಯಲ್ಲಿ ರಿಪೇರಿ ಆಗುತ್ತಾ?

ಯಾದವಗಿರಿ ಟೂ ಸ್ಟ್ರೋಕ್:

ಆಗಲ್ಲ. ಅಮ್ಮನ ಸೀರೆಗೆ ಬೆಂಕಿ ಹತ್ತುತ್ತೆ 😄

ಆದರೆ ಒಂದು ಹೇಳ್ತೀನಿ ಕೇಳಿ. ಮಿಯುರಾದ ಹೆಡ್‌ಲೈಟ್ ಎಲ್ಲಿಂದ ಬಂದದ್ದು ಗೊತ್ತಾ? ಫಿಯೆಟ್ 850 ಸ್ಪೈಡರ್ ಅನ್ನುವ ಸಣ್ಣ ಕಾರಿನದು. ನಿಮ್ಮ ಪದ್ಮಿನಿಯ ದಾಯಾದಿ ಅಂದ್ಕೊಳ್ಳಿ. ಅಷ್ಟು ದುಬಾರಿ ಕಾರಿನ ಕಣ್ಣು ಫಿಯೆಟ್‌ನಿಂದ ಕಡ ತಂದದ್ದು.

ಬೊಲೊನ್ಯಾ ರಿಟರ್ನ್:

ಹೆಡ್‌ಲೈಟ್ ಮಾತು ಬಂತಲ್ಲ, ಅದಕ್ಕೇ ಬರೀತಿದೀನಿ. ಆಫೀಸ್ ಕೆಲಸಕ್ಕೆ ಮೂರು ತಿಂಗಳು ಬೊಲೊನ್ಯಾದಲ್ಲಿದ್ದೆ. ಒಂದು ಶನಿವಾರ ಬಸ್ ಹಿಡಿದು ಸಾಂತಾಗಾತಾಕ್ಕೆ ಹೋದೆ, ಕಂಪನಿಯ ಮ್ಯೂಸಿಯಂ ನೋಡಲು. ಸುತ್ತ ಹೊಲಗಳು, ನಡುವೆ ನೆಟ್ಟಗಿನ ರಸ್ತೆ. ನಮ್ಮ ಮದ್ದೂರು ಕಡೆ ಹೋದ ಹಾಗೇ ಅನ್ನಿಸಿತು, ಕಬ್ಬು ಮಾತ್ರ ಇಲ್ಲ.

ಫೋಟೋದಲ್ಲಿ ನೋಡಿದವರಿಗೆ ಗೊತ್ತಾಗದ ಒಂದು ವಿಷಯ ಇದೆ. ಕಾರು ಎಷ್ಟು ತಗ್ಗು ಅನ್ನೋದು. ಎತ್ತರ 105 ಸೆಂ.ಮೀ. ಹತ್ತಿರ ನಿಂತರೆ ಚಾವಣಿ ನನ್ನ ಸೊಂಟದಿಂದ ಸ್ವಲ್ಪ ಮೇಲೆ ಬಂತು, ಅಷ್ಟೇ. ನಮ್ಮನೆ ಡೈನಿಂಗ್ ಟೇಬಲ್‌ಗಿಂತ ಒಂದು ಗೇಣು ಎತ್ತರ. ಆ ಹೆಡ್‌ಲೈಟ್‌ಗಳು ಮೇಲಕ್ಕೆ ನೋಡಿಕೊಂಡು ಮಲಗಿರುತ್ತವೆ. ಸುತ್ತ ಕಪ್ಪು ಪಟ್ಟಿಗಳು, ಥೇಟ್ ಕಣ್ಣ ರೆಪ್ಪೆ. ಕಾಡಿಗೆ ಹಚ್ಚಿದ ಹಾಗೆ ಕಾಣುತ್ತೆ. ಕಡ ತಂದ ಕಣ್ಣು ಅಂತ ಯಾರಿಗೂ ಅನ್ನಿಸಲ್ಲ. 1971ರ ಎಸ್‌ವಿಯಲ್ಲಿ ಈ ರೆಪ್ಪೆ ತೆಗೆದುಬಿಟ್ಟರು. ಅದರಲ್ಲಿ 385 ಹಾರ್ಸ್‌ಪವರ್, ಮೊದಲನೆಯದರಲ್ಲಿ 350. ಜಾಣರು ಎಸ್‌ವಿಯೇ ಉತ್ತಮ ಅಂತಾರೆ. ನನಗೆ ರೆಪ್ಪೆ ಇರುವುದೇ ಬೇಕು.

ಬಾಗಿಲ ಹಿಡಿಕೆ ಹುಡುಕಿದೆ, ಕಾಣಲಿಲ್ಲ. ಬಾಗಿಲ ಹಿಂದಿನ ಅಂಚಿನಲ್ಲಿ ಗಾಳಿ ಹೋಗಲು ಕಪ್ಪು ಪಟ್ಟಿಗಳಿವೆ, ಅದರೊಳಗೇ ಹಿಡಿಕೆಯನ್ನು ಬಚ್ಚಿಟ್ಟಿದ್ದಾರೆ. ಹಿಂದಿನ ಗಾಜಿನ ಜಾಗದಲ್ಲೂ ಮಲಗಿಸಿದ ಪಟ್ಟಿಗಳು, ನಮ್ಮ ಹಳೇ ಸ್ಕೂಲು ಕಿಟಕಿಯ ಹಾಗೆ, ಎಂಜಿನ್ ಬಿಸಿ ಹೊರಗೆ ಹೋಗಲಿ ಅಂತ. ಒಂದು ಗೆರೆ ಮೂತಿಯಿಂದ ಶುರುವಾಗಿ ಬಾಗಿಲ ಮೇಲೆ ಹಾದು ಹಿಂದಿನ ಚಕ್ರದ ಮೇಲೆ ಸ್ವಲ್ಪ ಉಬ್ಬಿ ಇಳಿಯುತ್ತೆ, ಎಲ್ಲೂ ತಡೆಯಲ್ಲ. ಇವತ್ತಿನ ಲ್ಯಾಂಬೊರ್ಗಿನಿಗಳು ಗುರ್ ಅನ್ನುವ ಮುಖ ಹಾಕಿಕೊಂಡಿರುತ್ತವೆ. ಇದು ಹಾಗಿಲ್ಲ. ಗೋದಲಿ ಹತ್ತಿರ ಸುಮ್ಮನೆ ಮಲಗಿ ಮೆಲುಕು ಹಾಕುತ್ತಿರುವ ಹೋರಿ, ಎದ್ದರೆ ಏನಾಗುತ್ತೆ ಅಂತ ನೋಡಿದವನಿಗೇ ಬಿಟ್ಟದ್ದು.

ಈ ಕಾರಿನ ರೂಪ ಬರೆದದ್ದು ಕಾರಿನ ಬಾಡಿ ವಿನ್ಯಾಸ ಮಾಡುವ ಬೆರ್ತೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ. ಅವರಿಗೆ ಆಗ 27. ಅವರಿಗಿಂತ ಮೊದಲು ಆ ಕುರ್ಚಿಯಲ್ಲಿದ್ದ ಜುಜಾರೊ 1965ರ ಕೊನೆಯಲ್ಲಿ ಕೆಲಸ ಬಿಟ್ಟಿದ್ದರು, ಹಾಗಾಗಿ ಯಾರದ್ದೆಷ್ಟು ಅಂತ ಎಷ್ಟೋ ವರ್ಷ ಜಗ್ಗಾಟ ನಡೆಯಿತು. ನನ್ನ ಮಟ್ಟಿಗೆ ಅದು ಗಾಂದಿನಿಯ ಕಾರು. ಆಮೇಲೆ ಲ್ಯಾಂಬೊರ್ಗಿನಿ ಕೌಂಟಾಷ್, ಲಾಂಚಿಯಾ ಸ್ಟ್ರಾಟೊಸ್ ಕಾರುಗಳೆರಡೂ ಅವರ ಕೈಯಿಂದಲೇ ಬಂದವು. 2024ರ ಮಾರ್ಚ್‌ನಲ್ಲಿ ತೀರಿಕೊಂಡರು.

ಸುಮ್ನೆ ಓದೋನು ಅವರಿಗೆ ಒಂದು ಕತೆ, ಖುಷಿಯಾಗಬಹುದು. 1965ರ ನವೆಂಬರ್‌ನಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಲ್ಯಾಂಬೊರ್ಗಿನಿ ಇಟ್ಟದ್ದು ಬರೀ ಅಸ್ಥಿಪಂಜರ. ತೂಕ ಇಳಿಸೋಕೆ ತೂತು ಕೊರೆದ ತಗಡಿನ ಚಾಸಿ, ಮೇಲೆ ಎಂಜಿನ್, ಬಾಡಿಯೇ ಇಲ್ಲ. ಅದಕ್ಕೇ ಜನ ಮುತ್ತಿದರು. ಮುಂದಿನ ಮಾರ್ಚ್‌ನಲ್ಲಿ, ಅಂದರೆ ನಾಲ್ಕೇ ತಿಂಗಳಲ್ಲಿ, ಜಿನೀವಾ ಪ್ರದರ್ಶನಕ್ಕೆ ಕಿತ್ತಳೆ ಬಣ್ಣದ ಪೂರ್ತಿ ಕಾರು ಬಂತು. ಎಂಜಿನ್ ಒಳಗೆ ಕೂರುತ್ತಾ ಇಲ್ಲವಾ ಅಂತ ನೋಡೋಕೂ ಪುರುಸೊತ್ತು ಸಿಕ್ಕಿರಲಿಲ್ಲ. ಎಂಜಿನ್ ಜಾಗಕ್ಕೆ ಭಾರ ತುಂಬಿ, ಮುಚ್ಚಳಕ್ಕೆ ಬೀಗ ಹಾಕಿ, ಪ್ರದರ್ಶನ ಮುಗಿಯುವ ತನಕ ಯಾರಿಗೂ ತೆಗೆದು ತೋರಿಸಲೇ ಇಲ್ಲ. ನಮ್ಮ ದಸರಾ ಸ್ತಬ್ಧಚಿತ್ರದ ಹಾಗೇ ಅಲ್ವಾ? ಹೊರಗೆ ಥಳಥಳ, ಒಳಗೆ ಏನಿದೆ ಅಂತ ಕೇಳಬಾರದು.

ಸುಮ್ನೆ ಓದೋನು:

ಇದು ಚೆನ್ನಾಗಿದೆ. ಬೀಗ ಹಾಕಿದ್ದು ನನಗೆ ಇಷ್ಟ ಆಯ್ತು. ಆದ್ರೂ ಪದ್ಮಿನಿ ಪದ್ಮಿನಿಯೇ.

ಕುವೆಂಪುನಗರದ ಅಪ್ಪ:

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಊಟ ಮಾಡುವಾಗ ಮಗನಿಗೆ ಎಲ್ಲ ಓದಿ ಹೇಳಿದೆ. ಹೋರಿ ಮನೆಯ ಕತೆಗೆ ಕಣ್ಣರಳಿಸಿದ. ಎಂಜಿನ್ ಅಡ್ಡ ಇಟ್ಟದ್ದನ್ನು ಅರ್ಥ ಮಾಡಿಸೋಕೆ ತಟ್ಟೆಯಲ್ಲಿ ನುಗ್ಗೇಕಾಯಿ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಇಟ್ಟು ತೋರಿಸಿದೆ. ಹೆಂಡತಿ ಬೈದಳು. ಅವನಿಗೆ ಅರ್ಥ ಆಯಿತು. ಮಾಡೆಲ್ ತಂದು ಬೆಳಕಿಗೆ ಹಿಡಿದು ನೋಡಿದೆವು, ಆ ಕಣ್ಣ ರೆಪ್ಪೆ ಇದರಲ್ಲೂ ಇದೆ! ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ.

ಅವನ ಹೊಸ ಪ್ರಶ್ನೆ: ಆಮೇಲೆ ಆ ಟ್ರ್ಯಾಕ್ಟರ್ ತಾತ ಏನು ಮಾಡಿದರು?

ಕಬ್ಬಿನ ಲೋಡು:

ವಾಪಸ್ ಹೊಲಕ್ಕೆ ಹೋದರು ಅಂತ ಹೇಳಿ. 1970ರ ದಶಕದ ಶುರುವಿನಲ್ಲಿ ಕೈ ಕಟ್ಟಿತು. ಟ್ರ್ಯಾಕ್ಟರ್ ಕಂಪನಿಯನ್ನು ಸಾಮೆ ಅನ್ನುವ ಇಟಲಿಯದೇ ಟ್ರ್ಯಾಕ್ಟರ್ ಕಂಪನಿಗೆ ಮಾರಿದರು, ಕಾರಿನ ಕಂಪನಿಯನ್ನೂ ಬಿಟ್ಟರು. ಉಂಬ್ರಿಯಾ ಪ್ರಾಂತ್ಯದಲ್ಲಿ ಒಂದು ಸರೋವರದ ಪಕ್ಕ ಜಮೀನು ತಗೊಂಡು ದ್ರಾಕ್ಷಿ ಹಾಕಿದರು, ವೈನ್ ಮಾಡಿದರು. ಆ ವೈನ್‌ಗೆ ಇಟ್ಟ ಹೆಸರು ‘ಸಾಂಗ್ವೆ ದಿ ಮಿಯುರಾ’, ಅಂದರೆ ಮಿಯುರಾದ ರಕ್ತ. 1993ರಲ್ಲಿ ತೀರಿಕೊಂಡರು. ಹುಡುಗನಿಗೆ ವೈನ್ ವಿಷಯ ಬೇಡ ಅಂದ್ರೆ ದ್ರಾಕ್ಷಿ ರಸ ಅಂತ ಹೇಳಿ.

ಆ ಹೆಸರಿನ ಟ್ರ್ಯಾಕ್ಟರ್ ಈಗಲೂ ಬರುತ್ತೆ, ಕಾರಿನವರಿಗೂ ಅದಕ್ಕೂ ಸಂಬಂಧ ಇಲ್ಲ. ಅದೇ ಗುಂಪಿನವರ ಒಂದು ಫ್ಯಾಕ್ಟರಿ ತಮಿಳುನಾಡಿನ ರಾಣಿಪೇಟೆಯಲ್ಲಿದೆ. ಲ್ಯಾಂಬೊರ್ಗಿನಿ ಟ್ರ್ಯಾಕ್ಟರ್ ನಮ್ಮನೆಗೆ ಬಂದ ದಿನ ನಿಮಗೂ ಮಗನಿಗೂ ಫೋನ್ ಮಾಡ್ತೀನಿ. ಅಲ್ಲಿಯವರೆಗೆ ನಮ್ಮ ಕೆಂಪು ಟ್ರ್ಯಾಕ್ಟರ್ ಇದೆ, ಕಬ್ಬು ಕಡಿಯುವಾಗ ಕರ್ಕೊಂಡು ಬನ್ನಿ, ಟ್ರೇಲರ್ ಮೇಲೆ ಕೂರಿಸೋಣ.

ಯಾದವಗಿರಿ ಟೂ ಸ್ಟ್ರೋಕ್:

ಎಲ್ಲರೂ ಮಾಡೆಲ್ ರಿಪೇರಿ ಮರೆತುಬಿಟ್ಟಿದೀರ. ಅದು ಮುರಿದಿರಲ್ಲ, ಹಿಂಜಿನ ಸಣ್ಣ ಕಂಬಿ ಒಂದು ಕಡೆ ಗುಳಿಯಿಂದ ಹೊರಗೆ ಬಂದಿರುತ್ತೆ. ಒತ್ತಿ ಮುಚ್ಚೋಕೆ ಹೋಗಬೇಡಿ, ಬಣ್ಣ ಏಳುತ್ತೆ. ತಲೆಕೆಳಗೆ ಹಿಡಿದು, ನಂಬರ್ ಪ್ಲೇಟ್ ಕೆಳಗಿನ ಎರಡು ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ, ಕಂಬಿಯನ್ನು ಹಲ್ಲುಕಡ್ಡಿಯಿಂದ ಗುಳಿಗೆ ತಳ್ಳಿ. ಟಕ್ ಅನ್ನುತ್ತೆ. ಆಮೇಲೆ ಹೊಲಿಗೆ ಮಿಷಿನ್ ಎಣ್ಣೆ ಒಂದೇ ಹನಿ. ಹುಡುಗನ ಕೈಯಲ್ಲೇ ಮಾಡಿಸಿ. ಆಗಲಿಲ್ಲ ಅಂದ್ರೆ ಭಾನುವಾರ ಬೆಳಿಗ್ಗೆ ಅಂಗಡಿ ಕಡೆ ಬನ್ನಿ, ಜಾವಾದ ಕಿಕ್ಕರ್ ಗೇರ್ ಆಗೋದನ್ನೂ ತೋರಿಸ್ತೀನಿ.